ಹೂವಿನ ಹನಿಯಲ್ಲಿ ಧೈರ್ಯ ಇದೆಯೇ?

ನಾನು ಪ್ರೌಢಶಾಲೆಯೊಂದರ ಕನ್ನಡ ಟೀಚರ್. ಪರೀಕ್ಷೆ ಹತ್ತಿರವಾದಾಗ ತಾಯಂದಿರು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಇದೂ ಒಂದು: “ಮಿಸ್, ಭಯ ಹೋಗೋಕೆ ಹೂವಿನ ಔಷಧಿ ಸಿಗುತ್ತಂತೆ, ಮಗಳಿಗೆ ಕೊಡಬಹುದಾ?” ಅವರು ಕೇಳುವುದು ‘ಬ್ಯಾಚ್ ಫ್ಲವರ್ ರೆಮಿಡಿ’ ಬಗ್ಗೆ. ನಮ್ಮ ಹೋಮಿಯೋಪಥಿ ಅಂಗಡಿಗಳಲ್ಲಿಯೂ ಪುಟ್ಟ ಬಾಟಲಿಗಳಲ್ಲಿ ಸಿಗುವ ಹನಿಗಳಿವು.

ಇವನ್ನು ರೂಪಿಸಿದವರು ಇಂಗ್ಲೆಂಡಿನ ಡಾ. ಎಡ್ವರ್ಡ್ ಬ್ಯಾಚ್ (1886–1936). ಲಂಡನ್ನಿನಲ್ಲಿ ವೈದ್ಯರೂ ಬ್ಯಾಕ್ಟೀರಿಯಾ ತಜ್ಞರೂ ಆಗಿದ್ದ ಅವರು 1930ರಲ್ಲಿ ನಗರ ಬಿಟ್ಟು ಹಳ್ಳಿಗಾಡಿನ ಹೂಗಳ ಬೆನ್ನು ಹತ್ತಿದರು. ಕಾಯಿಲೆಗಿಂತ ಮೊದಲು ಕಾಯಿಲೆಯವರ ಮನಸ್ಸನ್ನು ನೋಡಬೇಕು ಎಂಬುದು ಅವರ ನಂಬಿಕೆ. ಹಾಗೆ ಅವರು 38 ಬಗೆಯ ಹನಿಗಳನ್ನು ಸಿದ್ಧಪಡಿಸಿದರು.

ತಯಾರಿಸುವ ಕ್ರಮ ಸರಳ. ಗಾಜಿನ ಬಟ್ಟಲಿನ ಚಿಲುಮೆ ನೀರಿನಲ್ಲಿ ಹೂಗಳನ್ನು ತೇಲಿಬಿಟ್ಟು ಸುಮಾರು ಮೂರು ಗಂಟೆ ಬಿಸಿಲಿಗಿಡುತ್ತಾರೆ. ಕೆಲವು ಗಿಡಮರಗಳ ಹೂ, ಕಡ್ಡಿಗಳನ್ನಾದರೆ ಅರ್ಧ ಗಂಟೆ ಕುದಿಸುತ್ತಾರೆ. ಆ ನೀರನ್ನು ಸೋಸಿ, ಕೆಡದಿರಲೆಂದು ಅಷ್ಟೇ ಬ್ರಾಂದಿ ಬೆರೆಸುತ್ತಾರೆ. ಅದರ ಎರಡೇ ಹನಿ 30 ಮಿಲಿಲೀಟರ್ ಬಾಟಲಿಗೆ ಸಾಕು. ಅಂದರೆ ಕೊನೆಗೆ ಹೂವಿನ ಅಂಶ ಬಹುಮಟ್ಟಿಗೆ ಉಳಿದಿರುವುದಿಲ್ಲ.

ಒಂದೊಂದು ಹನಿಗೂ ಒಂದೊಂದು ಮನಸ್ಥಿತಿ. ‘ನನ್ನ ಕೈಲಾಗದು’ ಎನ್ನುವವರಿಗೆ ಲಾರ್ಚ್. ಕತ್ತಲೆ, ನಾಯಿ, ವೇದಿಕೆ ಹೀಗೆ ಇಂಥದ್ದೇ ಎಂದು ಹೇಳಬಲ್ಲ ಭಯಕ್ಕೆ ಮಿಮ್ಯುಲಸ್. ಒಮ್ಮೆ ಸೋತು ಕುಗ್ಗಿದವರಿಗೆ ಜೆನ್ಷಿಯನ್. ಒಂದೇ ಯೋಚನೆ ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದರೆ ವೈಟ್ ಚೆಸ್ಟ್‌ನಟ್.

ಇವು ಕೆಲಸ ಮಾಡುತ್ತವೆಯೇ? 2001ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಪ್ರಯೋಗದಲ್ಲಿ, ಪರೀಕ್ಷಾ ಭಯ ಇದ್ದವರಲ್ಲಿ ಕೆಲವರಿಗೆ ಹೂವಿನ ಹನಿ, ಉಳಿದವರಿಗೆ ಅದರಂತೆಯೇ ಕಾಣುವ ಖಾಲಿ ಹನಿ ಕೊಟ್ಟರು. ಯಾರಿಗೆ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಎರಡೂ ಗುಂಪಿನವರ ಭಯ ಕಡಿಮೆಯಾಯಿತು, ವ್ಯತ್ಯಾಸ ಕಾಣಲಿಲ್ಲ! ಇಂಥ ಪ್ರಯೋಗಗಳನ್ನೆಲ್ಲ 2010ರಲ್ಲಿ ಪರಿಶೀಲಿಸಿದ ಪ್ರೊ. ಎಡ್ಜಾರ್ಡ್ ಅರ್ನ್ಸ್ಟ್ ಅವರ ತೀರ್ಮಾನವೂ ಅದೇ: ಹೂವಿನ ಹನಿ ಖಾಲಿ ಹನಿಗಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ.

ಆದರೂ ಈ ಪದ್ಧತಿಯಿಂದ ಒಂದು ವಿಷಯವನ್ನು ನಾನು ತರಗತಿಗೆ ಎರವಲು ಪಡೆದಿದ್ದೇನೆ. ಹನಿ ಆರಿಸುವ ಮೊದಲು ‘ನಿನಗೆ ನಿಜವಾಗಿ ಏನಾಗುತ್ತಿದೆ?’ ಎಂದು ಕೇಳಲೇಬೇಕು. ಮನೆಯಲ್ಲಿ ನಾವು ಎಷ್ಟು ಸಲ ಹಾಗೆ ಕೇಳುತ್ತೇವೆ? “ಹೆದರಬೇಡ, ಓದು” ಎಂದು ಮುಗಿಸಿಬಿಡುತ್ತೇವೆ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಗಟ್ಟಿಯಾಗಿ ಓದಲು ಎದ್ದರೆ ಬೆವರುತ್ತಿದ್ದಳು. ಬಿಡುವಿನಲ್ಲಿ ಕೂರಿಸಿಕೊಂಡು ಕೇಳಿದೆ. “ಒತ್ತಕ್ಷರ ತಪ್ಪಿದ್ರೆ ಹಿಂದಿನ ಬೆಂಚಿನವರು ನಗ್ತಾರೆ ಮಿಸ್” ಎಂದಳು. ಭಯ ಓದಿನದಲ್ಲ, ನಗುವಿನದು! ಮರುದಿನದಿಂದ ಮನೆಯಲ್ಲಿ ಅಜ್ಜಿಗೆ ಅರ್ಧ ಪುಟ ಓದಿ ಹೇಳುವುದು, ತರಗತಿಯಲ್ಲಿ ಎರಡೇ ಸಾಲು. ಯಾರೂ ನಗದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ದಸರಾ ರಜೆ ಮುಗಿಯುವ ಹೊತ್ತಿಗೆ ಅವಳು ಇಡೀ ಪ್ಯಾರಾ ಓದುತ್ತಿದ್ದಳು. ಅವಳ ಕೈಗೆ ಬಾಟಲಿ ಕೊಟ್ಟಿದ್ದರೆ, ಧೈರ್ಯ ಬಾಟಲಿಯಲ್ಲಿದೆ ಎಂದೇ ನಂಬುತ್ತಿದ್ದಳೇನೋ. ಅದು ಖಾಲಿಯಾದ ದಿನ ಏನು ಗತಿ?

ಆದ್ದರಿಂದ ತಾಯಂದಿರಿಗೆ ನಾನು ಹೇಳುವುದಿಷ್ಟು. ಹನಿ ಕೊಡಲೇಬೇಕೆನಿಸಿದರೆ ಬಾಟಲಿಯ ಮೇಲೆ ಆಲ್ಕೋಹಾಲ್ ಇದೆಯೇ ಎಂದು ಓದಿ ನೋಡಿ, ವೈದ್ಯರನ್ನು ಕೇಳಿ. ವೈದ್ಯರು ಕೊಟ್ಟ ಬೇರೆ ಔಷಧಿಯನ್ನು ಮಾತ್ರ ನಿಲ್ಲಿಸಬೇಡಿ. ಮಗು ವಾರಗಟ್ಟಲೆ ಸರಿಯಾಗಿ ನಿದ್ದೆ, ಊಟ ಮಾಡದಿದ್ದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ, ಬದುಕು ಬೇಡ ಎಂಬ ಮಾತಾಡಿದರೆ ಹನಿಗಳನ್ನು ನಂಬಿ ಕಾಯಬೇಡಿ. ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು.

ಇಂದು ರಾತ್ರಿ ಊಟವಾದ ಮೇಲೆ ಟಿವಿ ಆರಿಸಿ, ಮಗುವಿನ ಪಕ್ಕ ಕುಳಿತು ಒಂದೇ ಪ್ರಶ್ನೆ ಕೇಳಿ: “ಯಾವುದಕ್ಕೆ ಭಯ ಆಗ್ತಿದೆ, ಪುಟ್ಟಾ?” ಉತ್ತರ ಪೂರ್ತಿ ಬರುವವರೆಗೆ ನಡುವೆ ಬಾಯಿ ಹಾಕಬೇಡಿ.