ಹಳೆಯ ಕಚೇರಿಗಳನ್ನು ಮತ್ತೆ ಕೇಳುವ ಬಗೆ

ಚಿತ್ರ ಗೋಡೆಯ ಮೇಲೆ ಉಳಿಯುತ್ತದೆ. ಶಿಲ್ಪ ಕಲ್ಲಿನಲ್ಲಿ ಉಳಿಯುತ್ತದೆ. ಹಾಡು ಮಾತ್ರ ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿಯೇ ಅಡಗಿಹೋಗುತ್ತದೆ. ರಾತ್ರಿಯೆಲ್ಲ ನಡೆದ ಸಂಗೀತ ಕಚೇರಿಯೊಂದು ಬೆಳಗಾದ ಮೇಲೆ ಕೇಳಿದವರ ನೆನಪಿನಲ್ಲಲ್ಲದೆ ಬೇರೆಲ್ಲಿಯೂ ಇರುತ್ತಿರಲಿಲ್ಲ. ಮನುಷ್ಯನ ಇತಿಹಾಸದ ಬಹುಭಾಗದಲ್ಲಿ ಸಂಗೀತದ ಪಾಡು ಇದೇ ಆಗಿತ್ತು. ಇಡೀ ಕಚೇರಿಯನ್ನು ಹೆಚ್ಚು ತಡೆಯಿಲ್ಲದೆ ಹಿಡಿದಿಡುವ ಶಕ್ತಿ ನಮಗೆ ಬಂದು ಇನ್ನೂ ನೂರು ವರ್ಷವೂ ಆಗಿಲ್ಲ.

ಉತ್ತರ ಕರ್ನಾಟಕದ ಮಹಾಗಾಯಕರಲ್ಲಿ ಅನೇಕರು ಈ ಶಕ್ತಿ ಬಂದ ಕಾಲದಲ್ಲಿಯೇ ಹಾಡಿದರೆಂಬುದು ನಮ್ಮ ಭಾಗ್ಯ. ಬಸವರಾಜ ರಾಜಗುರು ೧೯೯೧ರಲ್ಲಿಯೂ, ಕುಮಾರ ಗಂಧರ್ವ ಮತ್ತು ಮಲ್ಲಿಕಾರ್ಜುನ ಮನಸೂರರು ೧೯೯೨ರಲ್ಲಿಯೂ, ಗಂಗೂಬಾಯಿ ಹಾನಗಲ್ಲರು ೨೦೦೯ರಲ್ಲಿಯೂ, ಭೀಮಸೇನ ಜೋಶಿಯವರು ೨೦೧೧ರಲ್ಲಿಯೂ ನಮ್ಮನ್ನಗಲಿದರು. ಅವರ ಕಚೇರಿಗಳ ಧ್ವನಿಮುದ್ರಣಗಳು ಆಕಾಶವಾಣಿಯ ಭಂಡಾರದಲ್ಲಿ ಮಾತ್ರವಲ್ಲ, ರಸಿಕರ ಮನೆಗಳಲ್ಲಿಯೂ ಉಳಿದಿವೆ. ನಮ್ಮ ಸಿದ್ದಾಪುರ, ಕಾರಟಗಿ, ಗಂಗಾವತಿಗಳ ಕಡೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ, ಜಾತ್ರೆ ಪುರಾಣಗಳ ನಿಮಿತ್ತ ಮಠಗಳಲ್ಲಿ ನಡೆದ ಅಹೋರಾತ್ರಿ ಸಂಗೀತವನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟವರು ಉಂಟು.

ಈ ಮುದ್ರಣಗಳನ್ನು ಇಂದು ಮತ್ತೆ ಕೇಳುವವನಿಗೆ ಮೂರು ಪ್ರಶ್ನೆಗಳು ಏಳುತ್ತವೆ. ಅಂಗಡಿಯಲ್ಲಿ ದೊರೆಯುವ ಗಾನಮುದ್ರಿಕೆಯಲ್ಲಿಲ್ಲದ ಯಾವ ವಿಷಯವನ್ನು ಇವು ಹೇಳುತ್ತವೆ? ಇವುಗಳಲ್ಲಿ ಕೇಳಿಬರುವುದು ಗಾಯಕನ ನಿಜವಾದ ಸ್ವರವೇ? ಇವು ಇನ್ನೆಷ್ಟು ಕಾಲ ಬಾಳುತ್ತವೆ? ಮೂರಕ್ಕೂ ಉತ್ತರ ಹೇಳಬೇಕಾದುದು ಭೌತಶಾಸ್ತ್ರ.

ಮೂರು ನಿಮಿಷದ ರಾಗ

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಮುದ್ರಣ ಆರಂಭವಾದುದು ೧೯೦೨ರಲ್ಲಿ, ಕಲ್ಕತ್ತೆಯಲ್ಲಿ. ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಮುಂದೆ ರೂಢಿಗೆ ಬಂದ ಹತ್ತು ಅಂಗುಲದ ತಟ್ಟೆ ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿತ್ತು. ಅದರ ಒಂದು ಮಗ್ಗುಲಲ್ಲಿ ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷದ ಗಾಯನ ಹಿಡಿಯುತ್ತಿತ್ತು. ಒಂದು ಗಂಟೆ ಬೆಳೆಯಬೇಕಾದ ರಾಗ ಈ ಮಿತಿಯೊಳಗೆ ಮುಗಿಯಬೇಕು. ಕಿರಾಣಾ ಪರಂಪರೆಯ ಅಬ್ದುಲ್ ಕರೀಂ ಖಾನರು ೧೯೩೭ರಲ್ಲಿ ತೀರಿಕೊಂಡರು. ಅವರ ತಟ್ಟೆಗಳನ್ನು ಕೇಳಿದವರಿಗೆ ಸ್ವರದ ಮಾಧುರ್ಯ ತಿಳಿದೀತು. ಆದರೆ ಅವರು ರಾಗವನ್ನು ಎಷ್ಟು ಸಾವಧಾನವಾಗಿ ಕಟ್ಟುತ್ತಿದ್ದರೆಂಬುದು ತಿಳಿಯಲಾರದು. ಮನಸೂರರ ಗುರುಗಳ ತಂದೆ ಅಲ್ಲಾದಿಯಾ ಖಾನರಾದರೋ ಗ್ರಾಮಫೋನಿಗೆ ಹಾಡಲೇ ಇಲ್ಲ. ಬಿಂದುವಿನಲ್ಲಿ ಸಿಂಧುವನ್ನು ತೋರಿಸುವುದು ದೊಡ್ಡ ಕಲೆಯೇ ಸರಿ. ಸಿಂಧುವಿನ ಆಳವನ್ನು ಅಳೆಯಲು ಬಿಂದು ಸಾಲದು.

ಬಿಡುಗಡೆ ದೊರೆತದ್ದು ಕಾಂತಶಕ್ತಿಯಿಂದ. ಡೆನ್ಮಾರ್ಕಿನ ಪೌಲ್ಸೆನ್ ೧೮೯೮ರಲ್ಲಿ ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಕಾಂತರೂಪದಲ್ಲಿ ಬರೆದು ತೋರಿಸಿದನು. ಜರ್ಮನಿಯ ಪ್ಲೊಯ್ಮರ್ ೧೯೨೮ರಲ್ಲಿ ತಂತಿಗೆ ಬದಲಾಗಿ ಕಬ್ಬಿಣದ ಪುಡಿ ಲೇಪಿಸಿದ ಕಾಗದದ ಪಟ್ಟಿಯನ್ನು ಬಳಸಿದನು. ಅದರಿಂದ ಬೆಳೆದ ಟೇಪ್ ಯಂತ್ರ ೧೯೩೫ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶಿತವಾಯಿತು. ಫಿಲಿಪ್ಸ್ ಕಂಪನಿಯ ಪುಟ್ಟ ಕ್ಯಾಸೆಟ್ ೧೯೬೩ರಲ್ಲಿ ಹೊರಬಂದಿತು. ಮುಂದಿನ ಎರಡು ದಶಕಗಳಲ್ಲಿ ಧ್ವನಿಮುದ್ರಣ ತಜ್ಞರ ಕೈಯಿಂದ ಜಾರಿ, ಕಚೇರಿಗೆ ಬಂದ ಸಾಮಾನ್ಯ ಶ್ರೋತೃವಿನ ಮಡಿಲಿಗೆ ಬಂದಿತು.

ಧ್ವನಿಯ ಬರವಣಿಗೆ

ಟೇಪಿನ ಮೇಲೆ ಧ್ವನಿ ಹೇಗೆ ಕುಳಿತಿರುತ್ತದೆ ಎಂಬುದನ್ನು ಕೊಂಚ ನೋಡೋಣ. ಗಾಯಕನ ಷಡ್ಜ ಸೆಕೆಂಡಿಗೆ ೧೪೦ ಕಂಪನಗಳದೆಂದು ಇಟ್ಟುಕೊಳ್ಳಿ. ಗಾಳಿಯಲ್ಲಿ ಅದರ ಒಂದು ತರಂಗದ ಉದ್ದ ಸುಮಾರು ಎರಡೂವರೆ ಮೀಟರ್. ಕ್ಯಾಸೆಟ್ಟಿನ ಪಟ್ಟಿ ಸೆಕೆಂಡಿಗೆ ೪.೭೬ ಸೆಂಟಿಮೀಟರ್ ಚಲಿಸುತ್ತದೆ. ಇಷ್ಟು ಉದ್ದದಲ್ಲಿ ೧೪೦ ತರಂಗಗಳು ಬರೆಯಲ್ಪಡಬೇಕಾದ್ದರಿಂದ ಒಂದೊಂದಕ್ಕೂ ಸಿಗುವ ಜಾಗ ಮಿಲಿಮೀಟರಿನ ಮೂರನೆಯ ಒಂದು ಭಾಗ ಮಾತ್ರ. ತಂಬೂರಿಯ ಝೇಂಕಾರದಲ್ಲಿರುವ ಸೆಕೆಂಡಿಗೆ ೭೦೦೦ ಕಂಪನಗಳ ಸೂಕ್ಷ್ಮ ನಾದಕ್ಕೆ ದೊರೆಯುವುದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರ ಏಳು ಪಾಲು. ಅಷ್ಟು ಕಿರಿದಾದ ಜಾಗದಲ್ಲಿ ಕಬ್ಬಿಣದ ಆಕ್ಸೈಡಿನ ಕಣಗಳು ಉತ್ತರ ದಕ್ಷಿಣವಾಗಿ ಸಾಲುಗೊಂಡು ನಿಂತಿರುತ್ತವೆ. ಅರ್ಧ ಗಂಟೆಯ ಗಾಯನಕ್ಕೆ ಬೇಕಾದ ಪಟ್ಟಿಯ ಉದ್ದ ೮೬ ಮೀಟರ್.

ಒಂದೇ ರಾಗ, ಹಲವು ರಾತ್ರಿ

ಒಬ್ಬ ಗಾಯಕನು ಬೇರೆ ಬೇರೆ ವರ್ಷಗಳಲ್ಲಿ ಹಾಡಿದ ಒಂದೇ ರಾಗದ ಎರಡು ಕಚೇರಿಗಳು ದೊರೆತರೆ ಒಂದು ಪ್ರಯೋಗ ಸಾಧ್ಯವಾಗುತ್ತದೆ. ಅಡ್ಡರೇಖೆಯಲ್ಲಿ ಕಾಲವನ್ನೂ ಲಂಬರೇಖೆಯಲ್ಲಿ ಸ್ವರದ ಎತ್ತರವನ್ನೂ ಗುರುತಿಸಿ ನಕ್ಷೆ ಬರೆಯಬೇಕು. ವಿಲಂಬಿತ ಖಯಾಲಿನ ನಕ್ಷೆ ಸಾಮಾನ್ಯವಾಗಿ ಮೆಟ್ಟಿಲುಗಳಂತೆ ಕಾಣುತ್ತದೆ. ಗಾಯಕನು ಷಡ್ಜದ ಸುತ್ತಮುತ್ತ ಬಹಳ ಹೊತ್ತು ತಂಗಿ, ಒಂದೊಂದೇ ಸ್ವರಕ್ಕೆ ಏರುತ್ತ, ತಾರ ಷಡ್ಜವನ್ನು ತಡವಾಗಿ ಮುಟ್ಟುತ್ತಾನೆ. ಇನ್ನೊಂದು ರಾತ್ರಿಯ ನಕ್ಷೆಯನ್ನು ಇದರ ಪಕ್ಕದಲ್ಲಿ ಇಟ್ಟರೆ ಮೆಟ್ಟಿಲುಗಳ ಕ್ರಮ ಬಹುಮಟ್ಟಿಗೆ ಅದೇ, ಅಗಲ ಮಾತ್ರ ಬೇರೆ. ಒಂದು ದಿನ ಗಾಂಧಾರದಲ್ಲಿ ನಿಂತವನು ಇನ್ನೊಂದು ದಿನ ಪಂಚಮದಲ್ಲಿ ನಿಲ್ಲುತ್ತಾನೆ. ರಾಗದ ನಿಯಮ ಯಾವುದು, ಆ ರಾತ್ರಿಯ ಸ್ಫೂರ್ತಿ ಯಾವುದು ಎಂಬುದು ಹೀಗೆ ಬೇರ್ಪಡುತ್ತದೆ. ಒಂದೇ ಮುದ್ರಣ ಎಷ್ಟೇ ಶುದ್ಧವಾಗಿದ್ದರೂ ಈ ವಿಷಯವನ್ನು ತಿಳಿಸಲಾರದು. ಒಂದೇ ಸಲದ ಅಳತೆಯನ್ನು ನಂಬಬಾರದೆಂದು ಪ್ರಯೋಗಶಾಲೆಯಲ್ಲಿ ನಾವು ಹೇಳುವ ಪಾಠವೇ ಇಲ್ಲಿಯೂ ಅನ್ವಯಿಸುತ್ತದೆ.

ಇಂತಹ ಅಳತೆಗಳು ಹೊಸವಲ್ಲ. ನಜೀರ್ ಜೈರಾಜಭಾಯ್ ಮತ್ತು ಸ್ಟೋನ್ ಎಂಬ ವಿದ್ವಾಂಸರು ೧೯೬೩ರಲ್ಲಿ ಹಿಂದೂಸ್ತಾನಿ ಕಲಾವಿದರ ಸ್ವರಸ್ಥಾನಗಳನ್ನು ಧ್ವನಿಮುದ್ರಣಗಳಿಂದ ಅಳೆದು ಪ್ರಕಟಿಸಿದರು. ಒಂದೇ ಸ್ವರದ ಎತ್ತರ ಕಲಾವಿದರಿಂದ ಕಲಾವಿದರಿಗೆ ಭಿನ್ನವಾಗುವುದಲ್ಲದೆ, ಒಬ್ಬರ ಗಾಯನದಲ್ಲಿಯೇ ಅಲ್ಪಸ್ವಲ್ಪ ಬದಲಾಗುತ್ತದೆಂದು ಅವರಿಗೆ ಕಂಡುಬಂದಿತು. ಸ್ಪೇನಿನ ಬಾರ್ಸಿಲೋನಾ ನಗರದ ಪೊಂಪೆಯು ಫಾಬ್ರಾ ವಿಶ್ವವಿದ್ಯಾನಿಲಯದಲ್ಲಿ ೨೦೧೧ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ, ಭಾರತದ ಸಂಸ್ಥೆಗಳ ಸಹಕಾರದೊಡನೆ, ಈ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಲಾಯಿತು.

ರಾತ್ರಿಯಿಂದ ರಾತ್ರಿಗೆ ಬದಲಾಗುವ ಸಂಗೀತ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ೧೯೬೫ರಲ್ಲಿ ಹುಟ್ಟಿದ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ಸಂಗೀತ ತಂಡ ಮೂವತ್ತು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಚೇರಿಗಳನ್ನು ನಡೆಸಿತು. ಒಂದೇ ಹಾಡನ್ನು ಅವರು ಪ್ರತಿ ರಾತ್ರಿಯೂ ಬೇರೆ ರೀತಿಯಲ್ಲಿ ಬೆಳೆಸುತ್ತಿದ್ದರು. ಅಭಿಮಾನಿಗಳು ಮುದ್ರಿಸಿಕೊಳ್ಳುವುದನ್ನು ಅವರು ತಡೆಯಲಿಲ್ಲ. ೧೯೮೪ರಲ್ಲಿ ಮುದ್ರಿಸುವವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಸ್ಥಳ ಕೊಟ್ಟರು. ಟೇಪುಗಳು ಮಾರಾಟವಾಗದೆ ಕೈಯಿಂದ ಕೈಗೆ ವಿನಿಮಯವಾದವು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ೧೯೭೭ರ ಮೇ ೮ರಂದು ನಡೆದ ಅವರ ಕಚೇರಿಯ ಮುದ್ರಣ ಆ ದೇಶದ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿದೆ. ನಮ್ಮ ಧಾರವಾಡ, ಹುಬ್ಬಳ್ಳಿ, ಗದಗಗಳ ರಸಿಕರಿಗೂ ಆ ಅಭಿಮಾನಿಗಳಿಗೂ ಪರಿಚಯವಿರಲಿಲ್ಲ. ಮಾಡಿದ ಕೆಲಸ ಮಾತ್ರ ಒಂದೇ.

ಷಡ್ಜವನ್ನು ಹುಡುಕುವುದು

ಈಗ ಎರಡನೆಯ ಪ್ರಶ್ನೆ. ಕಚೇರಿ ನಡೆಯುವಾಗ ಮುದ್ರಣಯಂತ್ರದ ಬ್ಯಾಟರಿ ಸೊರಗುತ್ತ ಬಂದಿತೆನ್ನಿ. ಅನಂತರ ಆ ಟೇಪನ್ನು ಸರಿಯಾದ ವೇಗದಲ್ಲಿ ಕೇಳಿದಾಗ ಗಾಯಕನ ಸ್ವರ ಇಳಿದಿರುತ್ತದೆಯೋ ಏರಿರುತ್ತದೆಯೋ? ಇಳಿದಿರುತ್ತದೆಂದು ಅನೇಕರು ಥಟ್ಟನೆ ಹೇಳುತ್ತಾರೆ. ನಿಜವಾಗಿ ಅದು ಏರುತ್ತದೆ. ಪಟ್ಟಿ ನಿಧಾನವಾಗಿ ಚಲಿಸಿದುದರಿಂದ ತರಂಗಗಳು ಒತ್ತೊತ್ತಾಗಿ ಬರೆಯಲ್ಪಟ್ಟಿವೆ. ಸರಿಯಾದ ವೇಗದಲ್ಲಿ ಓಡಿಸಿದಾಗ ಅವು ಸೆಕೆಂಡಿಗೆ ಹೆಚ್ಚು ಸಂಖ್ಯೆಯಲ್ಲಿ ಹೊರಬರುತ್ತವೆ. ವೇಗದಲ್ಲಿ ನೂರಕ್ಕೆ ಆರರಷ್ಟು ವ್ಯತ್ಯಾಸವಾದರೆ ಹಾರ್ಮೋನಿಯಂನಲ್ಲಿ ಒಂದು ಮನೆ ಸರಿದಂತಾಗುತ್ತದೆ. ಕರಿ ಒಂದರಲ್ಲಿ ಹಾಡಿದವನು ಬಿಳಿ ಎರಡರಲ್ಲಿ ಹಾಡಿದಂತೆ ಕೇಳುತ್ತದೆ. ೪೮ ಸೆಕೆಂಡಿನ ತಾಳದ ಆವರ್ತ ೪೫ ಸೆಕೆಂಡಿಗೆ ಮುಗಿಯುತ್ತದೆ. ರಾಗಕ್ಕೆ ಮಾತ್ರ ಭಂಗವಿಲ್ಲ. ಏಕೆಂದರೆ ಸ್ವರಗಳ ಸಂಬಂಧ ಅನುಪಾತದ ಸಂಬಂಧ, ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಏರಿರುತ್ತವೆ. ತಂಬೂರಿ ತಬಲಾಗಳೂ ಜೊತೆಯಲ್ಲಿಯೇ ಏರುವುದರಿಂದ ಕಿವಿಗೆ ಅನುಮಾನ ಬರುವುದಿಲ್ಲ. ಆದರೆ ಗಾಯಕನ ನಿಜವಾದ ಶ್ರುತಿಯೂ ಲಯವೂ ಕಂಠದ ಗಾತ್ರವೂ ಮರೆಯಾಗಿರುತ್ತವೆ.

ಈ ತಪ್ಪನ್ನು ತಿದ್ದುವ ಅಳತೆಗೋಲು ಟೇಪಿನಲ್ಲಿಯೇ ಅಡಗಿರುವುದುಂಟು. ಕಚೇರಿಯ ಧ್ವನಿವರ್ಧಕದಿಂದ ಹೊರಡುತ್ತಿದ್ದ ಗುಂಯ್ ಎಂಬ ಸದ್ದನ್ನು ಎಲ್ಲರೂ ಶಪಿಸಿದ್ದೇವೆ. ಅದು ವಿದ್ಯುತ್ ಪ್ರವಾಹದ ಸದ್ದು. ಸೆಕೆಂಡಿಗೆ ೫೦, ಇಲ್ಲವೆ ಅದರ ಇಮ್ಮಡಿ ೧೦೦ ಕಂಪನಗಳದು. ಈಗ ಟೇಪನ್ನು ಕೇಳುವಾಗ ಆ ಸದ್ದು ೫೩ರಲ್ಲಿ ಕಂಡುಬಂದರೆ, ಧ್ವನಿ ನೂರಕ್ಕೆ ಆರರಷ್ಟು ಏರಿದೆಯೆಂದು ಊಹಿಸಬಹುದು. ಧ್ವನಿಯ ಕಂಪನಸಂಖ್ಯೆಯನ್ನು ತೋರಿಸುವ ಸಾಧನ ಇಂದಿನ ಮೊಬೈಲ್ ಫೋನಿನಲ್ಲಿಯೇ ದೊರೆಯುವುದರಿಂದ ಓದುಗರೂ ಈ ಪರೀಕ್ಷೆಯನ್ನು ಮಾಡಬಹುದು. ಎಚ್ಚರಿಕೆ ಎರಡು. ಮೊದಲನೆಯದು, ಟೇಪನ್ನು ನಿಲ್ಲಿಸಿದ ಮೇಲೂ ಸದ್ದು ಉಳಿದರೆ ಅದು ಇಂದಿನ ಯಂತ್ರದ ಸದ್ದೇ ಹೊರತು ಅಂದಿನ ಕಚೇರಿಯದಲ್ಲ. ಎರಡನೆಯದು, ೧೯೯೦ರ ದಶಕದಲ್ಲಿ ದಕ್ಷಿಣ ಭಾರತದ ವಿದ್ಯುಜ್ಜಾಲ ಎಷ್ಟೋ ಸಲ ೪೯ಕ್ಕಿಂತ ಕೆಳಗೆ ಇಳಿಯುತ್ತಿತ್ತು. ಆದ್ದರಿಂದ ನೂರಕ್ಕೆ ಎರಡು ಮೂರರಷ್ಟು ಸಂಶಯವನ್ನು ಇಟ್ಟುಕೊಳ್ಳಲೇಬೇಕು. ಗ್ರೇಟ್‌ಫುಲ್ ಡೆಡ್ ತಂಡದ ಹಲವು ಟೇಪುಗಳಿಗೆ ಇನ್ನೂ ಸೂಕ್ಷ್ಮವಾದ ವಿಧಾನವೊಂದನ್ನು ಬಳಸಿದ್ದಾರೆ. ಮುದ್ರಣ ಚೊಕ್ಕಟವಾಗಲೆಂದು ಯಂತ್ರ ತಾನೇ ಸೇರಿಸುವ, ಕಿವಿಗೆ ಕೇಳದ ಅತಿ ಶೀಘ್ರ ಕಂಪನದ ಕುರುಹನ್ನು ಟೇಪಿನಲ್ಲಿ ಪತ್ತೆಹಚ್ಚಿ, ಅದು ಎಲ್ಲಿ ಏರಿತು ಎಲ್ಲಿ ಇಳಿಯಿತು ಎಂಬುದರಿಂದ ವೇಗದ ಕ್ಷಣಕ್ಷಣದ ತೊನೆತವನ್ನು ತಿದ್ದುವುದೇ ಆ ವಿಧಾನ.

ತಂಬೂರಿಯ ಸಾಕ್ಷ್ಯ

ಹಳೆಯ ಕ್ಯಾಸೆಟ್ಟಿನಲ್ಲಿ ತಂಬೂರಿ ಮಂಕಾಗಿ ಕೇಳುವುದು ಅನೇಕರ ಅನುಭವ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗಿಡುವ ದಾರದಿಂದ ಹುಟ್ಟುವ ‘ಜವಾರಿ’ಯ ಮೇಲೆ ಸಿ. ವಿ. ರಾಮನ್ನರು ೧೯೨೦ರ ದಶಕದ ಆರಂಭದಲ್ಲಿಯೇ ಬರೆದಿದ್ದಾರೆ. ತಂತಿಯನ್ನು ಎಲ್ಲಿ ಮೀಟಿದರೂ ಮೇಲಿನ ಅನುಸ್ವರಗಳೆಲ್ಲ ಸಮೃದ್ಧವಾಗಿ ಹೊರಡುವುದು ಅದರ ವಿಶೇಷ. ಈ ಅನುಸ್ವರಗಳು ಟೇಪಿನಲ್ಲಿ ಅತಿ ಕಿರಿದಾದ ತರಂಗಗಳಾಗಿ ಕುಳಿತಿರುವುದನ್ನು ಮೇಲೆ ಕಂಡೆವು. ಓದುವ ಹೆಡ್ಡು ಅರ್ಧ ಡಿಗ್ರಿಯಷ್ಟು ವಾಲಿದ್ದರೂ, ೦.೬ ಮಿಲಿಮೀಟರ್ ಅಗಲದ ಪಥದ ಎರಡು ಅಂಚುಗಳ ನಡುವೆ ಸಾವಿರದ ಐದು ಪಾಲಿನ ಅಂತರ ಬೀಳುತ್ತದೆ. ಅದು ಹೆಚ್ಚುಕಡಿಮೆ ಒಂದು ತರಂಗದಷ್ಟೇ ಆದ್ದರಿಂದ ಒಂದಂಚಿನ ಏರು ಇನ್ನೊಂದಂಚಿನ ಇಳಿವನ್ನು ಅಳಿಸಿಬಿಡುತ್ತದೆ. ನಾದ ಟೇಪಿನಲ್ಲಿ ನಷ್ಟವಾಗಿಲ್ಲ. ಓದುವ ಕಣ್ಣು ಓರೆಯಾಗಿದೆ. ಬಲ್ಲವರು ಹೆಡ್ಡಿನ ತಿರುಪನ್ನು ಸೂಕ್ಷ್ಮವಾಗಿ ತಿರುಗಿಸುತ್ತ, ಜವಾರಿ ಮೂಡುವ ಕಡೆ ನಿಲ್ಲಿಸುತ್ತಾರೆ.

ಆಲಾಪಕ್ಕೆ ಮೊದಲಿನ ಮೌನದಲ್ಲಿ ಅದೇ ಆಲಾಪ ಪಿಸುಮಾತಿನಂತೆ ಕೇಳಿಬರುವುದೂ ಉಂಟು. ಸುರುಳಿಯಲ್ಲಿ ಒಂದರ ಮೇಲೊಂದು ಕುಳಿತ ಪದರಗಳು ಪರಸ್ಪರ ಕಾಂತತ್ವವನ್ನು ಅಂಟಿಸಿಕೊಳ್ಳುವುದೇ ಇದಕ್ಕೆ ಕಾರಣ. ಹತ್ತು ಸೆಂಟಿಮೀಟರ್ ವ್ಯಾಸದ ಸುರುಳಿ ಸೆಕೆಂಡಿಗೆ ೧೯ ಸೆಂಟಿಮೀಟರ್ ವೇಗದಲ್ಲಿ ಓಡಿದರೆ, ಪಿಸುಮಾತಿಗೂ ಹಾಡಿಗೂ ನಡುವೆ ಸುಮಾರು ೧.೬ ಸೆಕೆಂಡಿನ ಅಂತರವಿರುತ್ತದೆ. ತಾಪ ಹೆಚ್ಚಿದಷ್ಟೂ ಈ ದೋಷ ಹೆಚ್ಚು.

ಉಳಿದಿರುವ ಕಾಲ

ಮೂರನೆಯ ಪ್ರಶ್ನೆಗೆ ಉತ್ತರ ಅಷ್ಟು ಸಮಾಧಾನಕರವಲ್ಲ. ಟೇಪಿನಲ್ಲಿ ಮೊದಲು ಕೆಡುವುದು ಕಾಂತತ್ವವಲ್ಲ, ಕಣಗಳನ್ನು ಪಟ್ಟಿಗೆ ಹಿಡಿದಿಟ್ಟಿರುವ ಅಂಟು. ಕೆಲವು ಬಗೆಯ ಟೇಪುಗಳ ಅಂಟು ಗಾಳಿಯ ತೇವವನ್ನು ಹೀರಿ ಒಡೆಯುತ್ತದೆ. ಪಟ್ಟಿ ಜಿಗುಟಾಗಿ, ಓಡಿಸಿದಾಗ ಕೀರಲುಗುಟ್ಟಿ, ತನ್ನ ಲೇಪವನ್ನೇ ಹೆಡ್ಡಿಗೆ ಮೆತ್ತುತ್ತದೆ. ನಮ್ಮ ಸೀಮೆಯಲ್ಲಿ ಬೇಸಿಗೆಯ ತಾಪ ೪೦ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಳೆಗಾಲದಲ್ಲಿ ತೇವ ಗೋಡೆಯನ್ನೇರುತ್ತದೆ. ತಗಡಿನ ಮಾಡಿನ ಕೆಳಗೆ ಅಟ್ಟದಲ್ಲಿಟ್ಟ ಕ್ಯಾಸೆಟ್ಟಿಗೆ ಇವೆರಡೂ ವೈರಿಗಳು. ಅದನ್ನು ಓದುವ ಯಂತ್ರಗಳೂ, ಅವುಗಳನ್ನು ರಿಪೇರಿ ಮಾಡಬಲ್ಲ ಕೈಗಳೂ ವಿರಳವಾಗುತ್ತಿವೆ.

ಆದ್ದರಿಂದ ಇಂತಹ ಟೇಪುಗಳುಳ್ಳವರು ಅವುಗಳನ್ನು ಬೇಗ ಅಂಕೀಯ ರೂಪಕ್ಕೆ ನಕಲು ಮಾಡಿಸುವುದು ಉಚಿತ. ಧ್ವನಿಯನ್ನು ಸೆಕೆಂಡಿಗೆ ೯೬,೦೦೦ ಸಲ, ಪ್ರತಿ ಸಲವೂ ೨೪ ಬಿಟ್‌ಗಳ ಸೂಕ್ಷ್ಮತೆಯಿಂದ ಅಳೆಯುವುದು ಸಂಗ್ರಹಾಲಯಗಳ ರೂಢಿ. ಹೀಗೆ ಎರಡು ವಾಹಿನಿಗಳ ಒಂದು ಗಂಟೆಯ ಗಾಯನ ಸುಮಾರು ಎರಡು ಗಿಗಾಬೈಟ್ ಜಾಗವನ್ನು ಹಿಡಿಯುತ್ತದೆ. ಇಂದಿನ ದಿನ ಅದೇನೂ ಹೊರೆಯಲ್ಲ. ಮೂಲ ನಕಲಿನಲ್ಲಿ ಗುಂಯ್ ಸದ್ದನ್ನಾಗಲಿ ಕೆಮ್ಮನ್ನಾಗಲಿ ತೆಗೆಯಲು ಹೋಗಬಾರದು. ಇಂದು ಕಸವೆಂದು ಕಂಡದ್ದು ನಾಳೆ ಅಳತೆಗೋಲಾದೀತೆಂಬುದನ್ನು ಈಗಾಗಲೇ ನೋಡಿದೆವು. ಜಿಗುಟಾದ ಟೇಪನ್ನು ಮನೆಯಲ್ಲಿ ಓಡಿಸದೆ ತಜ್ಞರಿಗೆ ಒಪ್ಪಿಸಬೇಕು. ೧೯೮೨ರಲ್ಲಿ ಸ್ಥಾಪಿತವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ಸಂಗ್ರಹಾಲಯ ಮತ್ತು ಸಂಶೋಧನ ಕೇಂದ್ರದಂತಹ ಸಂಸ್ಥೆಗಳು ಈ ಕೆಲಸದಲ್ಲಿ ಪರಿಣತಿ ಪಡೆದಿವೆ.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸಕ್ಕೆ ಯಂತ್ರವೇ ಬೇಡ. ಯಾವ ಊರು, ಯಾವ ಮಠ, ಯಾವ ವರ್ಷದ ಜಾತ್ರೆ, ತಬಲಾ ನುಡಿಸಿದವರು ಯಾರು, ಹಿಂದೆ ತಂಬೂರಿ ಹಿಡಿದು ಕುಳಿತವರು ಯಾರು ಎಂಬುದನ್ನು, ಬಲ್ಲ ಹಿರಿಯರು ಇರುವಾಗಲೇ ಕೇಳಿ ಕ್ಯಾಸೆಟ್ಟಿನ ಮೇಲೆ ಬರೆದಿಡಬೇಕು. ಷಡ್ಜ ಸರಿದಿದ್ದರೆ ಲೆಕ್ಕಹಾಕಿ ತಿದ್ದಬಹುದು. ಅಳಿಸಿಹೋದ ಹೆಸರನ್ನು ಯಾವ ಲೆಕ್ಕವೂ ಮರಳಿ ತಾರದು.