ಶೇಂಗಾಳ ಅಂಗಾಲು

ನಮ್ಮ ಮನೆಯಲ್ಲಿ ಫ್ರಿಜ್ಜಿನ ಬಾಗಿಲನ್ನು ಗುಟ್ಟಾಗಿ ತೆಗೆಯುವಂತಿಲ್ಲ. ಅದರ ರಬ್ಬರ್ ಅಂಚು ಬಿಟ್ಟುಕೊಳ್ಳುವ ಸಣ್ಣ ಸಪ್ಪಳಕ್ಕೇ ಹಾಲ್‌ನ ಮೂಲೆಯಿಂದ 'ವೀಕ್ ವೀಕ್' ಎಂಬ ಸಿಳ್ಳೆ ಶುರುವಾಗುತ್ತದೆ. ಕೊತ್ತಂಬರಿ ಸೊಪ್ಪು ಬಂತು ಎಂಬ ಸಂಭ್ರಮ ಅದು. ಕಳೆದ ವರ್ಷ ಜುಲೈನ ಒಂದು ಸಂಜೆ ಒಂದೇ ಸಿಳ್ಳೆ ಕೇಳಿತು. ಬೆಲ್ಲ ಕೂಗುತ್ತಿದ್ದಳು, ಶೇಂಗಾ ಮೂಲೆಯಲ್ಲಿ ಮುದುಡಿ ಕೂತಿದ್ದಳು.

ಶೇಂಗಾ ಮತ್ತು ಬೆಲ್ಲ ನಮ್ಮ ಗಿನಿಪಿಗ್‌ಗಳು. ಹೆಸರಿಟ್ಟಿದ್ದು ಪುಣೆಯಲ್ಲೇ ಹುಟ್ಟಿ ಬೆಳೆದ ಎಂಟು ವರ್ಷದ ಮಗಳು. ತೀರ್ಥಹಳ್ಳಿಯಲ್ಲಿರುವ ನನ್ನ ಅಮ್ಮ ಮಾತ್ರ ಫೋನಿನಲ್ಲಿ ಇಂದಿಗೂ "ನಿಮ್ಮ ಇಲಿ ಹೇಗಿದಾವೋ?" ಎಂದೇ ಕೇಳುವುದು. ಅಪಾರ್ಟ್‌ಮೆಂಟಿನಲ್ಲಿ ನಾಯಿ ಬೇಡ ಎಂಬ ನನ್ನ ಹಟಕ್ಕೂ ಏನಾದರೂ ಬೇಕೇ ಬೇಕು ಎಂಬ ಅವಳ ಹಟಕ್ಕೂ ನಡುವೆ ಆದ ರಾಜಿಯ ಫಲ ಈ ಎರಡು ಜೀವ. ಗಿನಿಪಿಗ್ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ, ಅದಕ್ಕೇ ಎರಡು.

ಶೇಂಗಾಳನ್ನು ಎತ್ತಿ ತಿರುಗಿಸಿ ನೋಡಿದೆ. ಗಿನಿಪಿಗ್‌ಗೆ ಮುಂಗಾಲಿನಲ್ಲಿ ನಾಲ್ಕು ಬೆರಳು, ಹಿಂಗಾಲಿನಲ್ಲಿ ಮೂರು. ಅಂಗಾಲಿಗೆ ಕೂದಲಿಲ್ಲ, ಮಗುವಿನ ಪಾದದಷ್ಟೇ ಮೆತ್ತಗಿರುತ್ತದೆ. ಅವಳ ಎರಡೂ ಮುಂಗಾಲು ಕೆಂಪಾಗಿ ಊದಿದ್ದವು. ಬಲಗಾಲಿನ ನಡುವೆ ಕಡಲೆಬೇಳೆ ಗಾತ್ರದ ಕಪ್ಪು ಹಕ್ಕಳೆ. ಮುಟ್ಟಿದರೆ ಕಿರುಚಿದಳು. ಮಗಳು ಕಿವಿ ಮುಚ್ಚಿಕೊಂಡು ರೂಮಿಗೆ ಓಡಿದಳು.

ಇಲ್ಲಿ ನನ್ನ ಒಂದು ದಡ್ಡತನವನ್ನು ಹೇಳಿಬಿಡಬೇಕು. ಮೊದಲು ಕರೆದುಕೊಂಡು ಹೋದ ಕ್ಲಿನಿಕ್‌ನಲ್ಲಿ "ನಾವು ನಾಯಿ ಬೆಕ್ಕು ಮಾತ್ರ ನೋಡ್ತೀವಿ" ಎಂದರು. ಅವರ ಪ್ರಾಮಾಣಿಕತೆಗೆ ಬೇಸರವಿಲ್ಲ. ಮಳೆ, ಟ್ರಾಫಿಕ್ಕು, ಮನೆ ಮುಟ್ಟುವಾಗ ರಾತ್ರಿ ಹತ್ತು. ಫ್ರಿಜ್ಜಿನಲ್ಲಿ ಮಗಳ ಗಂಟಲು ನೋವಿಗೆ ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಅರ್ಧ ಉಳಿದಿತ್ತು. ಮಗುವಿಗೆ ಇಷ್ಟು ಕಿಲೋಗೆ ಇಷ್ಟು ಎಂದಾದರೆ ಶೇಂಗಾಳಿಗೆ ಎಷ್ಟು? ಎಕ್ಸೆಲ್ ತೆರೆದು ದಶಮಾಂಶದ ಮಟ್ಟಿಗೆ ಲೆಕ್ಕ ಹಾಕಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಔಷಧಿ ಎಳೆದೂ ಆಗಿತ್ತು. "ರೀ, ಇಷ್ಟು ಹೊತ್ತು ತಡೆದಿದೀವಿ, ಬೆಳಗ್ಗೆ ಯಾರನ್ನಾದ್ರೂ ಕೇಳಿ ಕೊಡಿ" ಎಂದು ಹೆಂಡತಿ ಸಿರಿಂಜ್ ಕಸಿದುಕೊಂಡಳು. ನನಗೆ ಸಿಟ್ಟೇ ಬಂದಿತ್ತು.

ಮರುದಿನ ಊರಿನ ಇನ್ನೊಂದು ತುದಿಯಲ್ಲಿ ಮೊಲ, ಗಿಳಿ, ಆಮೆಗಳನ್ನು ನೋಡುವ ಡಾಕ್ಟರೊಬ್ಬರು ಸಿಕ್ಕರು. ಸಿರಪ್ಪಿನ ವಿಷಯ ಹೇಳುತ್ತಿದ್ದಂತೆ ಅವರ ಮುಖ ಬದಲಾಯಿತು. "ಕೊಟ್ಟಿದ್ದೀರಾ?" ಇಲ್ಲ ಎಂದೆ. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಂದ ಹೋದರೆ ಗಿನಿಪಿಗ್‌ನ ಕರುಳಿನಲ್ಲಿ ಹುಲ್ಲು ಕೊಳೆಸಿ ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ವಿಷಕಾರಿ ಬ್ಯಾಕ್ಟೀರಿಯಾ ಹೆಚ್ಚಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಪ್ರಾಣಿ ಹೋಗಿಬಿಡಬಹುದು. ನನ್ನ ದಶಮಾಂಶದ ಲೆಕ್ಕ ಎಷ್ಟು ಸರಿಯಿದ್ದರೂ ಫಲ ಅದೇ ಆಗುತ್ತಿತ್ತು. ಹಿಂತಿರುಗುವಾಗ ಕಾರಿನಲ್ಲಿ ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ರೋಗಕ್ಕೆ ಪೋಡೋಡರ್ಮಟೈಟಿಸ್ ಎಂಬ ದೊಡ್ಡ ಹೆಸರಿದೆ, ಸಾಕುವವರ ಬಾಯಲ್ಲಿ ಬಂಬಲ್‌ಫುಟ್. ಅಂಗಾಲಿನ ಚರ್ಮ ಮೊದಲು ಕೆಂಪಾಗುತ್ತದೆ, ದಪ್ಪಗಟ್ಟುತ್ತದೆ, ಬಿರಿಯುತ್ತದೆ. ಬಿರುಕಿನಿಂದ ಸ್ಟೆಫಿಲೋಕಾಕಸ್‌ನಂಥ ಬ್ಯಾಕ್ಟೀರಿಯಾ ಒಳಹೋಗಿ ಹುಣ್ಣಾಗುತ್ತದೆ. ಬಿಟ್ಟರೆ ಸೋಂಕು ಮೂಳೆಗೆ ಇಳಿಯುತ್ತದೆ, ಆಮೇಲೆ ಗುಣವಾಗುವುದು ಬಹಳ ಕಷ್ಟ. ಎಕ್ಸ್‌ರೇ ತೆಗೆದರು. ಪುಣ್ಯಕ್ಕೆ ಮೂಳೆ ಚೆನ್ನಾಗಿತ್ತು. ಗಿನಿಪಿಗ್‌ಗೆ ಒಗ್ಗುವ ಆಂಟಿಬಯೋಟಿಕ್, ನೋವಿಗೆ ಮೆಲಾಕ್ಸಿಕಾಮ್, ಪಾದ ತೊಳೆಯಲು ನೀರಲ್ಲಿ ತೆಳುವಾಗಿ ಬೆರೆಸಿದ ಕ್ಲೋರ್‌ಹೆಕ್ಸಿಡಿನ್ ಬರೆದುಕೊಟ್ಟರು. ಹಕ್ಕಳೆಯನ್ನು ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ ಎಂದರು. ಬೆಲ್ಲಳ ಮುಂಗಾಲಿನ ಅಂಚಿನಲ್ಲಿ ಉಗುರಿನಂತೆ ಚಾಚಿದ್ದ ಒಣ ಚರ್ಮ ನೋಡಿ ಅದಕ್ಕೂ ರೋಗ ಎಂದು ಹೆದರಿದ್ದೆ. ಅದು ಹಲವು ಗಿನಿಪಿಗ್‌ಗಳಿಗೆ ಇರುವಂಥದ್ದೇ, ಏನೂ ಅಲ್ಲವಂತೆ.

ಕೊನೆಗೆ ಅವರು ಕೇಳಿದ್ದು, "ಪಂಜರದ ನೆಲ ಎಂಥದ್ದು?"

ತಂತಿಯದ್ದು. ಅಂಗಡಿಯವನು ಪ್ರಾಣಿಯ ಜೊತೆಗೇ ಕೊಟ್ಟಿದ್ದ ಪಂಜರ. ಹಿಕ್ಕೆ ಕೆಳಗೆ ಬೀಳುತ್ತದೆ, ಶುಚಿ ಸುಲಭ ಎಂದಿದ್ದ. ಮೇಲೆ ಪೇಪರ್ ಹಾಸುತ್ತಿದ್ದೆವು. ಮಳೆಗಾಲದಲ್ಲಿ ಅದು ಮೂತ್ರಕ್ಕೆ ನೆನೆದು ಮುದ್ದೆಯಾಗಿ, ದಿನವಿಡೀ ಅವು ತೇವದಲ್ಲೂ ತಂತಿಯ ಮೇಲೂ ನಿಂತಿರುತ್ತಿದ್ದವು. ಹಾಗಾದರೆ ಬೆಲ್ಲಳಿಗೆ ಯಾಕಿಲ್ಲ? ಡಾಕ್ಟರು ಇಬ್ಬರನ್ನೂ ತೂಗಿದರು. ಬೆಲ್ಲ 920 ಗ್ರಾಂ, ಶೇಂಗಾ 1,350. ಅಷ್ಟು ಭಾರವನ್ನು ಹೊರುವ ಪಾದ ಒಂದೊಂದೂ ನನ್ನ ಹೆಬ್ಬೆರಳಿನ ತುದಿಯಷ್ಟು. ಉಗುರೂ ಬೆಳೆದು ಬಾಗಿತ್ತು, ಹಾಗಾಗಿ ಪಾದ ನೆಟ್ಟಗೆ ಊರುತ್ತಿರಲಿಲ್ಲ.

ಇದರ ಮೇಲೆ ವಿಟಮಿನ್ ಸಿ ಕೊರತೆ. ಮನುಷ್ಯರಂತೆ ಗಿನಿಪಿಗ್‌ನ ದೇಹವೂ ಅದನ್ನು ತಯಾರಿಸಿಕೊಳ್ಳಲಾರದು. ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಚ್ 1907ರಲ್ಲಿ ಸ್ಕರ್ವಿಯ ಗುಟ್ಟು ಹುಡುಕಲು ದಾರಿ ಮಾಡಿಕೊಂಡಿದ್ದು ಇದೇ ಪ್ರಾಣಿಯಿಂದ. (ನಮ್ಮ ಆಫೀಸಿನಲ್ಲಿ ಪ್ರತಿ ಹೊಸ ಸಾಫ್ಟ್‌ವೇರಿಗೂ 'ಗಿನಿಪಿಗ್ ಆಗುವವರು ಯಾರು?' ಎಂದು ಕೇಳುವುದು ಸುಮ್ಮನೆ ಬಂದ ಮಾತಲ್ಲ.) ಕೊರತೆಯಾದರೆ ಚರ್ಮ ಗಟ್ಟಿಯಾಗಿರದು, ಗಾಯ ಮಾಯದು. ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ನಾನು ಡಿಸ್ಕೌಂಟ್ ಎಂದು ಐದು ಕಿಲೋ ಪೆಲೆಟ್ ಒಟ್ಟಿಗೆ ತಂದು ತಿಂಗಳುಗಟ್ಟಲೆ ಹಾಕುತ್ತಿದ್ದೆ. ಪೆಲೆಟ್ ಹಳತಾದಂತೆ ಅದರಲ್ಲಿನ ವಿಟಮಿನ್ ಸಿ ಇಳಿಯುತ್ತದೆ, ಉಳಿಯುವುದು ಕೊಬ್ಬೇರಿಸುವ ಹಿಟ್ಟು. ಕುಡಿಯುವ ನೀರಿಗೆ ಹನಿ ಹಾಕಿದರೂ ಬೇಗ ಕೆಡುತ್ತದೆ. ಈಗ ದಿನಾ ಒಂದು ಹೋಳು ಕ್ಯಾಪ್ಸಿಕಂ, ಒಂದಿಷ್ಟು ಕೊತ್ತಂಬರಿ, ಮಿಕ್ಕಂತೆ ಒಣಹುಲ್ಲು ಎಷ್ಟು ಬೇಕಾದರೂ.

ಅಂದು ರಾತ್ರಿ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಅಲ್ಲ ಮಾರಾಯಾ, ಕೊಟ್ಟಿಗೆಗೆ ಸೊಪ್ಪು ಹಾಸ್ದೆ ದನ ಕಟ್ತಾರನೋ ಯಾರಾದ್ರೂ?" ಎಂದರು. ಬೇಸಿಗೆಗೆ ದರಗು, ಮಳೆಗಾಲಕ್ಕೆ ಹಸಿ ಸೊಪ್ಪು. ಬೆಟ್ಟದಿಂದ ಹೊರೆ ತಂದು ಹಾಸುವುದನ್ನು ನೋಡುತ್ತಲೇ ಬೆಳೆದವನು ನಾನು. ಅದೆಲ್ಲ ಗೊಬ್ಬರಕ್ಕೆ ಮಾತ್ರ ಎಂದುಕೊಂಡಿದ್ದೆ.

ಶನಿವಾರ ಬೋರ್ಡ್ ಬರೆಯುವ ಅಂಗಡಿಯಿಂದ ಪ್ಲಾಸ್ಟಿಕ್ ಶೀಟ್ ತಂದು, ನಾಲ್ಕಡಿ ಉದ್ದ ಎರಡಡಿ ಅಗಲದ ತೊಟ್ಟಿ ಮಾಡಿದೆವು. ತಳಕ್ಕೆ ಹಳೇ ಟವೆಲ್, ಮೇಲೆ ಫ್ಲೀಸ್ ಬಟ್ಟೆ. ಹೊಸ ಫ್ಲೀಸ್ ನೀರನ್ನು ಕೆಳಗಿಳಿಸುವುದಿಲ್ಲ, ಮೂರ್ನಾಲ್ಕು ಸಲ ಒಗೆದ ಮೇಲೆಯೇ ಉಪಯೋಗಕ್ಕೆ ಬರುವುದು. ಒಗೆಯುವಾಗ ಸುವಾಸನೆಯ ಸಾಫ್ಟನರ್ ಹಾಕಿದರೆ ಮತ್ತೆ ಕೆಡುತ್ತದೆ. ಪುಣೆಯ ಮಳೆಯಲ್ಲಿ ಬಟ್ಟೆ ಒಣಗಿಸುವ ಸಂಕಟ ಬೇರೆ. ನನ್ನ ಮೀಟಿಂಗುಗಳ ಹಿನ್ನೆಲೆಯಲ್ಲಿ ಫ್ಯಾನಿನಡಿ ನೇತಾಡುವ ಚುಕ್ಕಿ ಬಟ್ಟೆಗಳನ್ನು ಸಹೋದ್ಯೋಗಿಗಳೆಲ್ಲ ನೋಡಿದ್ದಾರೆ. ಮೂತ್ರ ಹೆಚ್ಚು ಬೀಳುವ ಮೂಲೆಯನ್ನು ದಿನಕ್ಕೆರಡು ಸಲ ಬದಲಿಸುವುದು ಮಗಳ ಕೆಲಸ. ಹೋಂವರ್ಕ್ ಮರೆತರೂ ಅದನ್ನು ಮರೆತವಳಲ್ಲ.

ಹುಣ್ಣು ಮಾಯಲು ಹತ್ತು ವಾರ ಹಿಡಿಯಿತು. ನಡುವೆ ಎರಡು ವಾರ ಏನೂ ಬದಲಾಗದೆ, ಸಿರಿಂಜ್ ಕಂಡರೆ ಶೇಂಗಾ ನಡುಗುವಂತಾಗಿ, ಸಾಕಪ್ಪಾ ಅನ್ನಿಸಿದ್ದೂ ಇದೆ. ಆಮೇಲೊಂದು ದಿನ ಹಕ್ಕಳೆ ತಾನಾಗಿ ಬಟ್ಟೆಯ ಮೇಲೆ ಬಿದ್ದಿತ್ತು. ಮಗಳು ಅದನ್ನು ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟಿದ್ದಾಳೆ. ಬೇಡ ಎಂದು ಹೇಳಲು ಧೈರ್ಯವಾಗಲಿಲ್ಲ.

ಪಾದ ಈಗಲೂ ಸ್ವಲ್ಪ ದಪ್ಪವೇ. ಭಾನುವಾರ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ, ಕಿಟಕಿಯ ಬೆಳಕಿನಲ್ಲಿ ಎಂಟು ಪಾದಗಳ ತಪಾಸಣೆ. ತಿಂಗಳಿಗೊಮ್ಮೆ ಉಗುರು ಕತ್ತರಿಸುವುದು ನನ್ನ ಪಾಲಿಗೆ. ಒಳಗಿನ ರಕ್ತನಾಳಕ್ಕೆ ತಾಗಬಾರದೆಂದು ಮೊಬೈಲ್ ಟಾರ್ಚ್ ಹಿಡಿಯುವುದು ಹೆಂಡತಿ. ಶೇಂಗಾ 1,120ಕ್ಕೆ ಇಳಿದಿದ್ದಾಳೆ.

ಗರಿಕೆ ಅವಕ್ಕೆ ಪ್ರಾಣ. ದೇವಸ್ಥಾನದ ಎದುರಿನ ಹೂವಿನ ಅಜ್ಜಿಯ ಹತ್ತಿರ ದಿನಾ ನಾಲ್ಕು ಕಟ್ಟು ಕೊಂಡು ತೊಳೆದು ಹಾಕುತ್ತೇನೆ. "ರೋಜ್ ಗಣಪತಿ?" ಎಂದು ಅಜ್ಜಿ ಒಮ್ಮೆ ಮೆಚ್ಚುಗೆಯಿಂದ ಕೇಳಿದ್ದರು. ನಿಜ ಹೇಳಲು ಹೋಗಿ, ನನ್ನ ಮರಾಠಿ ಸಾಲದೆ, ಗಣಪತಿಯ ವಾಹನಕ್ಕೆ ಎಂದುಬಿಟ್ಟೆ. ಈಗ ಮಾರಾಟವಾಗದೆ ಉಳಿದಿದ್ದನ್ನೂ ಅಜ್ಜಿ ಕಟ್ಟಿಕೊಡುತ್ತಾರೆ, ದುಡ್ಡು ಕೊಟ್ಟರೆ ಬೈಯುತ್ತಾರೆ.