ಕೆರೆ ದಂಡೆಯ ಕಾಟೇಜ್‌ಗೆ ಮದುವೆ ಸರ್ಟಿಫಿಕೇಟ್ ಕೇಳೋಕೆ ಕಾನೂನಿದೆಯಾ?

ಚಿಕ್ಕಮಗಳೂರಿನ ಹಿರೇಕೊಳಲೆ ಕೆರೆ, ಲಕ್ಕವಳ್ಳಿಯ ಭದ್ರಾ ಹಿನ್ನೀರು, ಸಾಗರದ ಕಡೆ ಶರಾವತಿ ಹಿನ್ನೀರು. ನೀರು ಕಾಣುವ ಕಡೆಯೆಲ್ಲ ಈಗ ಹೋಮ್‌ಸ್ಟೇ, ಕಾಟೇಜ್. ಬುಕಿಂಗ್ ಆ್ಯಪ್ ತೆರೆದರೆ ಫೋಟೊದಲ್ಲಿ ಎರಡು ಕುರ್ಚಿ, ಎರಡು ಲೋಟ ಕಾಫಿ, ಹಿಂದೆ ನೀರು. ಮೇಲೆ 'ಜೋಡಿಗಳಿಗೆ ಹೇಳಿ ಮಾಡಿಸಿದ ಜಾಗ' ಎಂಬ ಸಾಲು. ಕೆಳಗೆ ನಿಯಮಗಳವರೆಗೂ ಸ್ಕ್ರಾಲ್ ಮಾಡಿದರೆ ಹಲವು ಕಡೆ ಇನ್ನೆರಡು ಸಾಲು ಸಿಗುತ್ತವೆ: 'ಮದುವೆಯಾಗದ ಜೋಡಿಗಳಿಗೆ ಪ್ರವೇಶವಿಲ್ಲ', 'ಲೋಕಲ್ ಐಡಿ ನಡೆಯಲ್ಲ'.

ಈ ಸಾಲುಗಳನ್ನು ಓದಿದ ಬಹಳಷ್ಟು ಜನ ಇದು ಸರ್ಕಾರದ್ದೇ ರೂಲ್ಸ್ ಅಂದುಕೊಂಡಿದ್ದಾರೆ. ನನ್ನ ಜೊತೆ ಇಂಜಿನಿಯರಿಂಗ್ ಓದಿ ಈಗ ಐಟಿ ಕಂಪನಿಗಳಲ್ಲಿರುವ ಗೆಳೆಯರೂ ಹಾಗೇ ನಂಬಿದ್ದಾರೆ. ಹಾಗಾಗಿ ಕಾನೂನಿನಲ್ಲಿ ಏನಿದೆ, ಏನಿಲ್ಲ ಅನ್ನೋದನ್ನ ಒಂದೊಂದಾಗಿ ನೋಡೋಣ.

ನಿಷೇಧ ಎಲ್ಲೂ ಇಲ್ಲ

18 ವರ್ಷ ತುಂಬಿದ ಇಬ್ಬರು ತಮ್ಮಿಷ್ಟದಿಂದ ಒಂದೇ ರೂಮಿನಲ್ಲಿ ಉಳಿಯಬಾರದು ಅಂತ ಹೇಳುವ ಯಾವ ಕಾನೂನೂ ಭಾರತದಲ್ಲಿಲ್ಲ. ಮದುವೆಯಾಗದೆ ಜೊತೆಗಿರುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಖುಷ್ಬೂ ಪ್ರಕರಣದಲ್ಲಿ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು 2019ರ ಮದ್ರಾಸ್ ಹೈಕೋರ್ಟ್ ತೀರ್ಪು. ಕೊಯಮತ್ತೂರಿನ ಒಂದು ಸರ್ವಿಸ್ ಅಪಾರ್ಟ್‌ಮೆಂಟ್ ಮೇಲೆ ಪೊಲೀಸರು ಮತ್ತು ಕಂದಾಯ ಅಧಿಕಾರಿಗಳು ದಾಳಿ ಮಾಡಿ ಬೀಗ ಜಡಿದಿದ್ದರು. ಕೊಟ್ಟ ಕಾರಣಗಳಲ್ಲಿ ಒಂದು, ಮದುವೆಯಾಗದ ಜೋಡಿಯೊಂದು ರೂಮಿನಲ್ಲಿತ್ತು ಅನ್ನೋದು. ನ್ಯಾಯಮೂರ್ತಿ ಎಂ.ಎಸ್. ರಮೇಶ್ ಅವರು, ಇಬ್ಬರು ವಯಸ್ಕರು ಕೂಡಿ ಬಾಳುವುದೇ ಅಪರಾಧವಲ್ಲದಿರುವಾಗ ಹೋಟೆಲ್ ರೂಮಿನಲ್ಲಿ ಇರುವುದು ಅಪರಾಧ ಹೇಗಾಗುತ್ತದೆ ಎಂದು ಕೇಳಿ ಬೀಗ ತೆಗೆಸಿದರು.

ಹಾಗಾದರೆ ಪೊಲೀಸರು ಯಾವ ಕಾನೂನಿನ ಹೆಸರು ಹೇಳಿ ಹೆದರಿಸುತ್ತಾರೆ? ಸಾಮಾನ್ಯವಾಗಿ ಎರಡು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಇರುವುದು ದುಡ್ಡಿಗಾಗಿ ನಡೆಯುವ ಲೈಂಗಿಕ ಶೋಷಣೆಯ ವಿರುದ್ಧ. ಇಷ್ಟಪಟ್ಟು ಜೊತೆಗೆ ಬಂದ ಇಬ್ಬರಿಗೆ ಅದು ಅನ್ವಯಿಸಲ್ಲ. ಇನ್ನೊಂದು ಅಶ್ಲೀಲ ವರ್ತನೆಯ ಸೆಕ್ಷನ್, ಹಳೆಯ ಐಪಿಸಿ 294, ಈಗ ಭಾರತೀಯ ನ್ಯಾಯ ಸಂಹಿತೆಯ 296. ಅದು ಸಾರ್ವಜನಿಕ ಸ್ಥಳದ ಮಾತು. ಚಿಲಕ ಹಾಕಿಕೊಂಡ ಕಾಟೇಜ್ ಸಾರ್ವಜನಿಕ ಸ್ಥಳ ಆಗಲ್ಲ. ಒಂದು ಗೆರೆ ಮಾತ್ರ ಗಟ್ಟಿಯಾಗಿದೆ: ಇಬ್ಬರಲ್ಲಿ ಒಬ್ಬರಿಗೆ 18 ತುಂಬದಿದ್ದರೆ ಪೋಕ್ಸೊ ಕಾಯ್ದೆ ಬರುತ್ತದೆ, ಅಲ್ಲಿ ಒಪ್ಪಿಗೆ ಲೆಕ್ಕಕ್ಕಿಲ್ಲ.

ರಕ್ಷಣೆಯೂ ಪೂರ್ತಿ ಇಲ್ಲ

ಇಷ್ಟಕ್ಕೇ ಖುಷಿಪಡೋ ಹಾಗಿಲ್ಲ. ಕಾನೂನು ನಿಮ್ಮನ್ನು ತಡೆಯಲ್ಲ, ಆದರೆ ಮಾಲೀಕರು 'ರೂಮ್ ಕೊಡಲ್ಲ' ಅಂದರೆ ಅವರನ್ನೂ ಹೆಚ್ಚೇನು ತಡೆಯಲ್ಲ. ಸಂವಿಧಾನದ 15(2)ನೇ ವಿಧಿಯಲ್ಲಿ ಹೋಟೆಲ್ ಎಂಬ ಪದ ನೇರವಾಗಿಯೇ ಇದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ. ಹಾಗಾಗಿ ಐಡಿಯಲ್ಲಿನ ಎರಡು ಹೆಸರು ನೋಡಿ 'ಬೇರೆ ಬೇರೆ ಧರ್ಮ, ಆಗಲ್ಲ' ಅನ್ನುವುದು ಸಂವಿಧಾನಕ್ಕೆ ವಿರುದ್ಧ. ಆದರೆ ಮದುವೆಯಾಗಿದೆಯೋ ಇಲ್ಲವೋ ಅನ್ನೋದು ಆ ಪಟ್ಟಿಯಲ್ಲಿಲ್ಲ. ಯಾವ ಊರಲ್ಲಿ ವಾಸ ಅನ್ನೋದೂ ಇಲ್ಲ. 'ಲೋಕಲ್ ಐಡಿ' ನಿಯಮ ಬದುಕಿರುವುದು ಈ ಸಂದಿಯಲ್ಲೇ. 2025ರ ಜನವರಿಯಲ್ಲಿ ಓಯೋ ಕಂಪನಿ ಮೀರತ್‌ನಲ್ಲಿ ಸಂಬಂಧದ ಪುರಾವೆ ಕೇಳುವ ನೀತಿ ತಂದು, ಮದುವೆಯಾಗದ ಜೋಡಿಗಳನ್ನು ನಿರಾಕರಿಸುವ ಅಧಿಕಾರವನ್ನು ಹೋಟೆಲ್‌ಗಳಿಗೆ ಕೊಟ್ಟದ್ದೂ ಹೀಗೇ.

'ಮದುವೆಯಾಗಿಯೇ ಬನ್ನಿ' ಅನ್ನುವವರಿಗೆ ಒಂದು ಮಾತು. ಬೇರೆ ಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ, ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ನೋಟಿಸ್ ಅಂಟಿಸಿ ಆಕ್ಷೇಪಣೆಗೆ 30 ದಿನ ಕಾಯಬೇಕು. ಆ 30 ದಿನದಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿರುತ್ತದೆ.

ಮಾಲೀಕರ ಭಯ ಸುಳ್ಳಲ್ಲ

ಹೋಮ್‌ಸ್ಟೇ ನಡೆಸುವವರೆಲ್ಲ ನೈತಿಕತೆಯ ಕಾವಲುಗಾರರಲ್ಲ. ಎಷ್ಟೋ ಜನಕ್ಕೆ 'ನಮಗ್ಯಾಕೆ ಬೇಕು ರಗಳೆ' ಅನ್ನೋ ಭಯ. 2012ರ ಜುಲೈನಲ್ಲಿ ಮಂಗಳೂರಿನ ಪಡೀಲ್‌ನ ಹೋಮ್‌ಸ್ಟೇಗೆ ಗುಂಪೊಂದು ನುಗ್ಗಿ ಹುಟ್ಟುಹಬ್ಬ ಮಾಡುತ್ತಿದ್ದ ಹುಡುಗ ಹುಡುಗಿಯರನ್ನು ಹೊಡೆದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಹನ್ನೆರಡು ವರ್ಷದ ನಂತರ, 2024ರಲ್ಲಿ, ಆ ಪ್ರಕರಣದ ಆರೋಪಿಗಳು ಖುಲಾಸೆಯಾದರು. ಅದೇ 2024ರ ಜನವರಿಯಲ್ಲಿ ಹಾನಗಲ್‌ನ ಲಾಡ್ಜ್‌ನಲ್ಲಿದ್ದ ಅಂತರ್‌ಧರ್ಮೀಯ ಜೋಡಿಯ ಮೇಲೆ ಗುಂಪು ದಾಳಿ ಮಾಡಿತು. ಸಾಮೂಹಿಕ ಅತ್ಯಾಚಾರದ ಆರೋಪವೂ ದಾಖಲಾಯಿತು. ಜಾಮೀನು ಸಿಕ್ಕ ಆರೋಪಿಗಳು 2025ರ ಮೇನಲ್ಲಿ ಮೆರವಣಿಗೆ ಹೊರಟರು. ಒಂದು ಕಡೆ ದಾಳಿಕೋರರು ಬೇರೆ ಧರ್ಮದವರು, ಇನ್ನೊಂದು ಕಡೆ ಬೇರೆ. ಹುಡುಗ ಹುಡುಗಿ ಯಾರ ಜೊತೆ ಇರಬೇಕು ಅನ್ನೋದನ್ನ ತಾವು ತೀರ್ಮಾನಿಸ್ತೀವಿ ಅನ್ನೋ ದರ್ಪ ಮಾತ್ರ ಒಂದೇ.

ಈ ಭಯದ ಬೆಲೆಯನ್ನು ಎಲ್ಲರೂ ಒಂದೇ ಥರ ಕಟ್ಟಲ್ಲ. ದುಬಾರಿ ರೆಸಾರ್ಟ್‌ಗೆ ಕಾರಲ್ಲಿ ಬಂದಿಳಿದ ಜೋಡಿಯನ್ನು ಯಾರೂ ತಾಳಿ ಎಲ್ಲಿ ಅಂತ ಕೇಳಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಲಾಡ್ಜ್‌ಗೆ ಹೋದ ಗಾರ್ಮೆಂಟ್ಸ್ ಕೆಲಸದ ಹುಡುಗಿಯನ್ನು ಕೇಳುತ್ತಾರೆ. ಇಬ್ಬರು ಹುಡುಗರು ರೂಮ್ ಕೇಳಿದರೆ ಫ್ರೆಂಡ್ಸ್ ಅಂತ ಸಲೀಸಾಗಿ ಸಿಗುತ್ತದೆ. ಅವರು ಜೋಡಿ ಅಂತ ಗೊತ್ತಾದ ಕ್ಷಣ ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸಿದ 2018ರ ತೀರ್ಪು ರಿಸೆಪ್ಷನ್‌ವರೆಗೂ ಬರಲ್ಲ.

ನೀವು ಮಾಡಬಹುದಾದ್ದು

ದುಡ್ಡು ಕಟ್ಟುವ ಮೊದಲು ಮೆಸೇಜ್‌ನಲ್ಲಿ ಕೇಳಿ: 'ಇಬ್ಬರೂ ವಯಸ್ಕರು, ಮದುವೆಯಾಗಿಲ್ಲ, ಚೆಕ್-ಇನ್‌ಗೆ ತೊಂದರೆ ಇದೆಯಾ?' ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇಬ್ಬರ ಐಡಿಯೂ ಇರಲಿ. ಆಧಾರ್ ಕೊಡಲೇಬೇಕಿದ್ದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡಿ. ಬುಕಿಂಗ್ ಖಚಿತವಾದ ಮೇಲೆ ಬಾಗಿಲಲ್ಲಿ ನಿರಾಕರಿಸಿದರೆ ಅದನ್ನು ಸೇವಾ ನ್ಯೂನತೆ ಎಂದು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಕೇಸು ಹಾಕಬಹುದು.

ಪೊಲೀಸರು ಬಂದರೆ ಹೆಸರು, ವಯಸ್ಸು, ಐಡಿ ತೋರಿಸಿ. ಯಾವ ಸೆಕ್ಷನ್ ಅಂತ ಕೇಳಿ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಣ್ಣುಮಕ್ಕಳನ್ನು ಅಪವಾದದ ಸಂದರ್ಭ ಬಿಟ್ಟು ಬಂಧಿಸುವಂತಿಲ್ಲ. 'ಮನೆಗೆ ಫೋನ್ ಮಾಡ್ತೀನಿ' ಅನ್ನೋದು ಬೆದರಿಕೆ, ಅದಕ್ಕೆ ತನಿಖೆ ಅಂತ ಹೆಸರಿಲ್ಲ. ಗುಂಪು ಬಂದರೆ ವಾದಕ್ಕಿಳಿಯದೆ ಬಾಗಿಲು ಹಾಕಿಕೊಂಡು 112ಕ್ಕೆ ಕರೆ ಮಾಡಿ.

ಆದರೆ ಪ್ರತಿ ಜೋಡಿಯೂ ಕಾನೂನು ಓದಿಕೊಂಡೇ ಕೆರೆ ನೋಡೋಕೆ ಹೋಗಬೇಕು ಅನ್ನೋದು ನ್ಯಾಯವಲ್ಲ. ಹೋಮ್‌ಸ್ಟೇಗಳ ನೋಂದಣಿ ಪ್ರವಾಸೋದ್ಯಮ ಇಲಾಖೆಯ ಕೈಯಲ್ಲಿದೆ. ಸರಿಯಾದ ಐಡಿ ಇರುವ ವಯಸ್ಕರನ್ನು ಮದುವೆ, ಧರ್ಮ, ಜಾತಿ, ಲಿಂಗ, ಊರಿನ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂಬ ಒಂದು ಷರತ್ತನ್ನು ಅದರಲ್ಲಿ ಸೇರಿಸಬಹುದು. ಅದೇ ಷರತ್ತು ಮಾಲೀಕರಿಗೂ ರಕ್ಷಣೆ: ಯಾರಾದರೂ ಬಂದು 'ಯಾಕೆ ರೂಮ್ ಕೊಟ್ಟೆ' ಅಂತ ಕೇಳಿದರೆ, ಸರ್ಕಾರದ ನಿಯಮ ಅಂತ ತೋರಿಸೋಕೆ ಅವರ ಕೈಯಲ್ಲೊಂದು ಕಾಗದ ಇರುತ್ತದೆ. ನಿಮ್ಮ ಶಾಸಕರಿಗೆ ಮುಂದಿನ ಸಲ ಪ್ರಶ್ನೆ ಕೇಳುವಾಗ ಇದನ್ನೂ ಕೇಳಿ.